ಗೂಟಕ್ಕೆ ತಗುಲಿದ ಕಿರಣ

ಆಸ್ಪತ್ರೆಯ ಹಿಂದಿನ ಜನರೇಟರ್ ಗುಡುಗುಡು ಎಂದು ಶುರುವಾದರೆ ಸಿಬ್ಬಂದಿ ವಸತಿಗೃಹಗಳ ಕಿಟಕಿ ಗಾಜುಗಳೆಲ್ಲ ಹಲ್ಲು ಕಡಿಯುತ್ತವೆ. ಎಕ್ಸ್‌ರೇ ಮಾಮನಿಗೆ ಅದೇ ಕೋಳಿ ಕೂಗಿದ ಹಾಗೆ. ಎದ್ದು, ಮೀಸೆ ತೀಡಿ ಹೊರಡುತ್ತಿದ್ದ. ಊರಿನ ಅರ್ಧ ಎದೆಗೂಡುಗಳನ್ನು ಅವನು ಒಳಗಿನಿಂದ ಬಲ್ಲ. "ಉಸಿರು ಹಿಡೀರಿ" ಎಂದು ಗದರಿದರೆ ಜಗಳಗಂಟರೂ ತೆಪ್ಪಗಾಗುತ್ತಿದ್ದರು. ಮನೆಯಲ್ಲಿ ಅವನ ಮಾತು ಯಾರೂ ಕೇಳುತ್ತಿರಲಿಲ್ಲವಾದ್ದರಿಂದ ಎಕ್ಸ್‌ರೇಯ ಆ ಕತ್ತಲೆ ಕೋಣೆಯೆಂದರೆ ಅವನಿಗೆ ಪ್ರಾಣ.

ಅಂಥ ಕೋಣೆಗೇ ಕಾಲಿಡಬಾರದೆಂದು ಆಜ್ಞೆಯಾಯಿತು. ಅಲ್ಲಿ ಕೆಲಸ ಮಾಡುವವರು ಎದೆಗೆ ಸಿಕ್ಕಿಸಿಕೊಳ್ಳುವ ಬ್ಯಾಡ್ಜು ಮೈಗೆ ತಗುಲಿದ ಕಿರಣವನ್ನು ಅಳೆಯುತ್ತದೆ. ಮಾಮನ ಬ್ಯಾಡ್ಜು ಮೂವರಿಗೆ ಸಾಲುವಷ್ಟು ಕಿರಣ ಕುಡಿದಿತ್ತು.

"ಬ್ಯಾಡ್ಜ್ ಮಾತು ಸಾಕು, ರಕ್ತಾನೇ ಕೇಳೋಣ," ಎಂದರು ದೊಡ್ಡ ಡಾಕ್ಟರಮ್ಮ.

ಕಿರಣ ಅತಿಯಾದರೆ ಬಿಳಿ ರಕ್ತಕಣದೊಳಗಿನ ವರ್ಣತಂತುಗಳು ಮುರಿದು, ಯಾವುದೋ ತುಂಡಿಗೆ ಯಾವುದೋ ತುಂಡು ಅಂಟಿಕೊಳ್ಳುತ್ತದಂತೆ. ಅಂಥವನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಿದರೆ ಮೈ ಉಂಡದ್ದೆಷ್ಟೆಂದು ತಿಳಿಯುತ್ತದೆ. ರಕ್ತ ದೂರದ ಪ್ರಯೋಗಾಲಯಕ್ಕೆ ಹೋಯಿತು. ಫಲಿತಾಂಶ ಬರುವವರೆಗೆ ಮಾಮನನ್ನು ರೋಗಿಗಳಿಗೆ ಚೀಟಿ ಕೊಡುವ ಕಿಟಕಿಯಲ್ಲಿ ಕೂರಿಸಿದರು.

ಮಾಮನಿಗೆ ನಿಜ ಗೊತ್ತಿತ್ತು. ಹೊಟ್ಟೆ ಬೆಳೆದು ಬಿಳಿ ಕೋಟಿನ ಗುಂಡಿ ಹಾಕಲಾಗುತ್ತಿರಲಿಲ್ಲ. ದೊಡ್ಡ ಕೋಟು ಕೇಳಲು ನಾಚಿಕೆ. ಅದಕ್ಕೇ ಕೋಟನ್ನು ಬ್ಯಾಡ್ಜಿನ ಸಮೇತ ಯಂತ್ರದ ಎದುರಿನ ಗೂಟಕ್ಕೆ ನೇತುಹಾಕಿ, ತಾನು ಬರೀ ಅಂಗಿಯಲ್ಲಿ, ಕಿರಣ ತಡೆಯುವ ಸೀಸದ ತಡಿಕೆಯ ಹಿಂದೆ ನಿಲ್ಲುತ್ತಿದ್ದ. ಹೇಳಿದರೆ ನಿಯಮ ಮುರಿದವನೆಂದು ಕೋಣೆ ಹೋಗುತ್ತದೆ. ಹೇಳದಿದ್ದರೆ ಕಿರಣ ತಿಂದವನೆಂದು ಹೋಗುತ್ತದೆ. ಬಾಯಿಗೆ ಬೀಗ ಹಾಕಿಕೊಂಡ.

"ಕರೆಂಟ್ ಹೋಗಿದೆ, ಕಿರಣ ತಿಂದು ಹೊಳೀತಿರ್ತೀರಲ್ಲ, ಸ್ವಲ್ಪ ಈ ಕಡೆ ಬಂದು ಕೂತ್ಕೊಳ್ಳಿ. ಸೂಜಿಗೆ ದಾರ ಪೋಣಿಸ್ಬೇಕು," ಎಂದಳು ರಾತ್ರಿ ಮನೆಯಲ್ಲಿ ಹೆಂಡತಿ.

"ನಗ್ತೀಯಾ? ನಾನು ಹೋದ್ಮೇಲೆ ಗೊತ್ತಾಗತ್ತೆ."

"ಎಲ್ಲಿಗೆ ಹೋಗ್ತೀರಿ? ಬಾಗಿಲಲ್ಲೇ ತೂರಲ್ಲ ನೀವು."

ಆದರೆ ಬಡಿಸುವಾಗ, ಎಂದೂ ಇಲ್ಲದ ಹಾಗೆ, ಅವನು ಕೇಳದೆಯೇ ಎರಡು ಸಲ ತುಪ್ಪ ಹಾಕಿದಳು. ಅದನ್ನು ಕಂಡು, ಎಲ್ಲ ಗೊತ್ತಿದ್ದ ಮಾಮನಿಗೂ ಒಂದು ಗಳಿಗೆ ತನಗೇನೋ ಆಗಿದೆ ಎನ್ನಿಸಿಬಿಟ್ಟಿತು.

ಫಲಿತಾಂಶ ಬಂತು. ವರ್ಣತಂತುಗಳು ಅಚ್ಚುಕಟ್ಟಾಗಿದ್ದವು.

"ನಿಮ್ಮ ಮೈಗೇನೂ ತಗುಲಿಲ್ಲ. ಹಾಗಾದ್ರೆ ಯಾರಿಗ್ರೀ ತಗುಲಿದ್ದು?" ಎಂದರು ಡಾಕ್ಟರಮ್ಮ.

ಮಾಮ ನೆಲ ನೋಡಿದ. "ಕೋಟಿಗೆ, ಮೇಡಂ. ಗೂಟದಲ್ಲಿತ್ತು. ಗುಂಡಿ... ಹಾಕೋಕಾಗ್ತಿರ್ಲಿಲ್ಲ."

ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ತುಟಿಯಲ್ಲಿ ನಗು ಅದುಮಿಕೊಂಡಿದ್ದರು.

"ಒಂದು ಗೂಟಕ್ಕೋಸ್ಕರ ಅಷ್ಟು ದೂರ ರಕ್ತ ಕಳಿಸಿದ್ವಲ್ರೀ! ತಗೊಳ್ಳಿ ಹೊಸ ಬ್ಯಾಡ್ಜು, ಅಂಗಿಗೇ ಸಿಕ್ಕಿಸಿ. ಇನ್ನೊಂದ್ಸಲ ಹೀಗಾದ್ರೆ ಆ ಚೀಟಿ ಕಿಟಕಿಯಲ್ಲೇ ನಿಮ್ಮ ನಿವೃತ್ತಿ."

"ಇಲ್ಲ ಮೇಡಂ, ಇನ್ಮೇಲೆ ಸ್ನಾನಕ್ಕೆ ಹೋದ್ರೂ ಇದನ್ನ ಮೈಮೇಲೆ..." ಎನ್ನುವಷ್ಟರಲ್ಲಿ ಎಕ್ಸ್‌ರೇ ಕೋಣೆಯ ಬಾಗಿಲಲ್ಲಿ ಯಾರೋ ಕೆಮ್ಮಿದರು. ಮಾಮ ಮಾತನ್ನು ಅಲ್ಲೇ ಬಿಟ್ಟು, ಬ್ಯಾಡ್ಜು ಸಿಕ್ಕಿಸಿಕೊಳ್ಳುತ್ತ, ಆ ಕಡೆ ನಡೆದೇಬಿಟ್ಟ.