ಒಳಮೈ ಎಲ್ಲಿ?

ನನ್ನ ಹೊಲಿಗೆ ಅಂಗಡಿಗೂ ಪಕ್ಕದ ಬಡಗಿಯ ಅಂಗಡಿಗೂ ನಡುವೆ ಇರುವುದು ಒಂದು ಹಲಗೆ ಗೋಡೆ. ಅದನ್ನು ಗೋಡೆ ಎನ್ನುವುದೂ ದೊಡ್ಡ ಮಾತು. ಅವರ ಮರದ ಪುಡಿ ನಾನು ಹೊಲಿದಿಟ್ಟ ಬಟ್ಟೆಯ ಮೇಲೆಲ್ಲ ಕೂತು, ಗಿರಾಕಿಗಳಿಂದ ಬೈಸಿಕೊಂಡವಳು ನಾನು. ಆದರೆ ಜಗಳಕ್ಕೆಂದು ಸೆರಗು ಬಿಗಿದು ಹೋದಾಗಲೆಲ್ಲ ಚಹಾ ಕುಡಿದು ಬಂದಿದ್ದೇನೆ. ಬಡಗಿ ನನಗೆ ಅಣ್ಣ, ಅವರ ಹೆಂಡತಿ ಅತ್ತಿಗೆ ಆದದ್ದು ಹೀಗೆಯೇ.

ಅವರಿಬ್ಬರೂ ಸೇರಿ ಡ್ರಾಯರು ಮಾಡುತ್ತಿದ್ದರು. ಮೊಳೆಯಿಲ್ಲ, ಒಂದು ಹಲಗೆಯ ಹಲ್ಲು ಇನ್ನೊಂದರ ಗೂಡಿನಲ್ಲಿ ಕಚ್ಚಿ ಕೂರಬೇಕು. ಅದಕ್ಕೊಂದು ಜಿಗ್ ಇತ್ತು, ಬಾಚಣಿಗೆಯಂಥ ಲೋಹದ ಪಟ್ಟಿ. ಡ್ರಾಯರಿನ ಮುಂದಿನ ಹಲಗೆಯನ್ನು ಅದರಡಿ ಮಲಗಿಸಿ, ಪಕ್ಕದ ಹಲಗೆಯನ್ನು ನಿಲ್ಲಿಸಿ, ಎರಡನ್ನೂ ಬಿಗಿದು, ಸಂದುಗಳಲ್ಲಿ ಮರ ಕೊರೆಯುವ ಮಷಿನ್ನು, ರೂಟರ್, ಓಡಿಸಿದರೆ ಹಲ್ಲು, ಗೂಡು ಎರಡೂ ಒಟ್ಟಿಗೇ ಆಗುತ್ತವೆ. ತಕರಾರು ಒಂದೇ. ಡ್ರಾಯರಿನ ಒಳಗೆ ಹೋಗುವ ಮೈ, ಬಿಗಿಯುವಾಗ ಹೊರಗೆ ಕಾಣುವಂತಿರಬೇಕು. ಕೈ ಮಾತ್ರ ಚೆಂದದ ಮೈಯನ್ನೇ ಹೊರಗಿಡಲು ಹಾತೊರೆಯುತ್ತದೆ.

ಅದಕ್ಕೇ ಅತ್ತಿಗೆ ಹಲಗೆ ಬಿಗಿದು, "ಒಳಮೈ ಎಲ್ಲಿ?" ಎಂದು ಕೂಗುತ್ತಿದ್ದರು. ಅಣ್ಣ "ಹೊರಗೆ!" ಎನ್ನುತ್ತಿದ್ದರು. ಆಮೇಲೇ ಮಷಿನ್ನು ಗುಂಯ್ ಎನ್ನುತ್ತಿದ್ದುದು. ನನ್ನ ಗಿರಾಕಿಗಳು, "ಇದೇನ್ರೀ, ಗಂಡ ಹೆಂಡತಿ ದಿನಾ ಇದನ್ನೇ ಮಾತಾಡ್ತಾರಾ?" ಎಂದು ನಗುತ್ತಿದ್ದರು. ನಿಜ ಹೇಳಬೇಕೆಂದರೆ ಅಣ್ಣ ಹಲಗೆಯನ್ನು ನೋಡುತ್ತಲೇ ಇರಲಿಲ್ಲ. ಅವರ ಕಣ್ಣು ರೂಟರಿನ ಕೊರೆಯುವ ಮೊನೆ, ಆ ಬಿಟ್ಟಿನ ಮೇಲೆ. ಕೇಳುವ ನೆಪದಲ್ಲಿ ಅತ್ತಿಗೆಯೇ ಇನ್ನೊಮ್ಮೆ ನೋಡಿಬಿಡುತ್ತಿದ್ದರು.

ಈ ಚಳಿಗಾಲದಲ್ಲಿ ಅತ್ತಿಗೆ ಹೋಗಿಬಿಟ್ಟರು. ಎದೆನೋವು ಎಂದವರು ಆಸ್ಪತ್ರೆಯಿಂದ ತಿರುಗಿ ಬರಲೇ ಇಲ್ಲ. ಮರದ ಪುಡಿ ಬೀಳದ ಬಟ್ಟೆಗಳನ್ನು ಕೊಡವುತ್ತ ನಾನು ಅತ್ತಿದ್ದೇನೆ. ನಾಚಿಕೆಯೇನಿಲ್ಲ ಹೇಳಿಕೊಳ್ಳಲು.

ಅಣ್ಣನ ಅಕ್ಕ ಬಂದು ಮನೆಯಲ್ಲಿ ಕೂತರು. ಮಾತು ಖಾರ, ಕರುಳು ಮೆದು ಅವರದು. ಅಂಗಡಿ ಮುಚ್ಚಿ ತನ್ನ ಜೊತೆ ಹೊರಡು ಎಂದು ಅವರ ಹಟ. ಅಣ್ಣನ ಕೈಯಲ್ಲಿ ಒಂದೇ ಕೆಲಸ ಉಳಿದಿತ್ತು: ಗಡಿಯಾರ ರಿಪೇರಿಯವರಿಗೆ ಸಣ್ಣ ಡ್ರಾಯರುಗಳ ಪೆಟ್ಟಿಗೆ.

"ಇದೊಂದನ್ನ ಒಬ್ಬನೇ ಮಾಡಿ ತೋರಿಸು, ನಾನು ತುಟಿ ಪಿಟಕ್ ಅನ್ನಲ್ಲ. ಆಗ್ಲಿಲ್ವೋ, ಬಾಯಿ ಮುಚ್ಕೊಂಡು ನನ್ನ ಜೊತೆ ಬಾ," ಎಂದರು ಅಕ್ಕ.

"ಆಯ್ತಕ್ಕ," ಎಂದರು ಅಣ್ಣ. ಆ ಅಂಗಡಿಯನ್ನು ಬಿಟ್ಟರೆ ಅವರು ಬದುಕುವುದಿಲ್ಲ ಎಂದು ನನಗೆ ಗೊತ್ತಿತ್ತು.

ಮಾರನೇ ದಿನ ನಾನು ಚಹಾ ಹಿಡಿದು ಹೋದಾಗ ಅವರು ಜಿಗ್ ಹೊಂದಿಸುತ್ತಿದ್ದರು. ಮೊದಲು ರದ್ದಿ ತುಂಡುಗಳಲ್ಲಿ ಕೊರೆದು ನೋಡಿದರು. ಜೋಡಣೆ ಸಡಿಲ, ಗಡಗಡ ಅಲುಗಿತು. ಬಿಟ್ಟನ್ನು ಕೂದಲೆಳೆಯಷ್ಟು ಕೆಳಗಿಳಿಸಿದರು. ಈಗ ಎಷ್ಟು ಬಿಗಿ ಎಂದರೆ ಸುತ್ತಿಗೆಯೇ ಬೇಕು. ಮತ್ತೆ ಒಂಚೂರು ಮೇಲೆತ್ತಿದರು. ಮೂರನೆಯದು ಅಂಗೈಯ ಏಟಿಗೇ ಸದ್ದಿಲ್ಲದೆ ಕೂತಿತು.

"ಬಂತು ನೋಡಮ್ಮ," ಎಂದರು. ಎಷ್ಟೋ ದಿನದ ಮೇಲೆ ಅವರ ಹಲ್ಲು ಕಂಡಿತು.

ಒಳ್ಳೆಯ ಹಲಗೆ ತೆಗೆದು, ಬಿಗಿದು, ಮಷಿನ್ನು ಓಡಿಸಿದರು. ಬಿಚ್ಚಿ ನೋಡಿದರೆ ಡ್ರಾಯರಿನ ಮುಖದ ಮೇಲೇ ಗೂಡುಗಳು ಬಾಯಿ ತೆರೆದುಕೊಂಡಿದ್ದವು. ಚೆಂದದ ಮೈ ಹೊರಗಿತ್ತು. ಅಣ್ಣ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತುಬಿಟ್ಟರು.

ಬುತ್ತಿ ತಂದ ಅಕ್ಕ ಬಾಗಿಲಲ್ಲೇ ನಿಂತು ನೋಡಿದರು. ಬೈಯಲಿಲ್ಲ. "ಸಾಕು ಬಿಡೋ, ಹೋಗೋಣ," ಎಂದರು ಮೆಲ್ಲಗೆ. ಬೈದಿದ್ದರೇ ಚೆನ್ನಾಗಿತ್ತು.

ನನಗೆ ತಡೆಯಲಾಗಲಿಲ್ಲ. "ಅಣ್ಣ, ಇನ್ನೊಂದು ಹಲಗೆ ತಗೊಳ್ಳಿ. ಅತ್ತಿಗೆ ಕೇಳ್ತಿದ್ದ ಹಾಗೆ ನಾನು ಕೇಳ್ತೀನಿ, ಗೋಡೆ ಆಚೆಯಿಂದಾನೇ ಕೇಳ್ತೀನಿ."

ಅವರು ತಲೆಯಾಡಿಸಿದರು. "ಬೇಡಮ್ಮ. ನೀನು ಕೇಳಿದ್ರೆ ನಿನ್ನ ದನಿ ಕೇಳ್ಸುತ್ತೆ, ಅವಳದಲ್ಲ."

ಮುಖ ಸಪ್ಪಗೆ ಮಾಡಿಕೊಂಡು ಬಂದು ನನ್ನ ಮಷಿನ್ನಿನ ಮುಂದೆ ಕೂತೆ. ಆಚೆ ಹಲಗೆ ಎಳೆದ ಸದ್ದು, ತಿರುಪು ಬಿಗಿದ ಸದ್ದು. ಆಮೇಲೆ ಅಣ್ಣನ ದನಿ, ಒರಟಾಗಿ, ಅಭ್ಯಾಸವಿಲ್ಲದ ಹಾಗೆ:

"ಒಳಮೈ ಎಲ್ಲಿ?"

ನನ್ನ ಕಾಲು ಪೆಡಲಿನ ಮೇಲೆ ನಿಂತುಹೋಯಿತು. ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು, ನುಂಗಿಕೊಂಡೆ. ಆಚೆ ಅವರೂ ಕಾಯುತ್ತಿದ್ದರು. ಯಾರಿಗಾಗಿ ಎಂದು ಕೇಳಬೇಡಿ. ಆಮೇಲೆ ತಿರುಪು ಸಡಿಲಿಸಿ, ಹಲಗೆ ತಿರುವಿ, ಮತ್ತೆ ಬಿಗಿದದ್ದು ಕೇಳಿಸಿತು.

"ಹೊರಗೆ," ಎಂದರು ಅಣ್ಣ. ಮಷಿನ್ನು ಗುಂಯ್ ಎಂದಿತು.

ಪೆಟ್ಟಿಗೆ ಮುಗಿದ ದಿನ ಅಕ್ಕ ಒಂದೊಂದೇ ಡ್ರಾಯರು ಎಳೆದು, ಮೂಲೆಗಳನ್ನು ಬೆರಳಿನಿಂದ ಸವರಿದರು. ಕೊಟ್ಟ ಮಾತಿನಂತೆ ತುಟಿ ಪಿಟಕ್ಕೆನ್ನದೆ ಒಬ್ಬರೇ ಬಸ್ಸು ಹತ್ತಿದರು. ಅವರನ್ನು ಕಳಿಸಿ ಬಂದ ಅಣ್ಣ ನೇರ ಅಂಗಡಿಗೇ ಹೋದರು.

ಈಗ ನನ್ನ ಬಟ್ಟೆಗಳ ಮೇಲೆ ಮತ್ತೆ ಪುಡಿ ಬೀಳುತ್ತದೆ. ಗಿರಾಕಿಗಳು ಮತ್ತೆ ಬೈಯುತ್ತಾರೆ. ಆಚೆ ಅಣ್ಣ ತಾವೇ ಕೇಳಿ ತಾವೇ ಹೇಳುತ್ತಾರೆ, ಹಲಗೆಯನ್ನು ಈಗ ತಾವೇ ನೋಡುತ್ತಾರೆ. ಆದರೂ ಕೇಳಿದ ಮೇಲೆ ಒಮ್ಮೆ ಸುಮ್ಮನಾಗುತ್ತಾರೆ. ಅಷ್ಟು ಹೊತ್ತು ನಾನೂ ಹೊಲಿಯುವುದಿಲ್ಲ.