ಹಳೆ ಹುಲ್ಲು ಕೀಳುವ ಅಕ್ಕ

ಬೆಳಕು ಹರಿಯುತ್ತಿದೆ. ಅಕ್ಕ ಮಗಳ ತಲೆ ಬಾಚುತ್ತಿದ್ದಾಳೆ. ಒಂದು ಜಡೆ ಮುಗಿಯುವಷ್ಟರಲ್ಲಿ ಫೋನ್ ಬಡಿದುಕೊಳ್ಳುತ್ತದೆ. ಅತ್ತ ಕಡೆ ಅವಳ ಒಡಹುಟ್ಟಿದ ತಂಗಿ.

"ಅಕ್ಕಾ, ಹೊಸ ಹುಲ್ಲಿನ ಲಾರಿ ನಾಳೆ ಅಲ್ಲ, ಇವತ್ತೇ ಮಧ್ಯಾಹ್ನ ಬರುತ್ತಂತೆ. ಗೋಡೆ ಪಕ್ಕ ಉಳಿದಿರೋ ಹಳೆ ಹುಲ್ಲು ಬೇಗ ಕೊಚ್ಚಿ ಮುಗಿಸಿಬಿಡು."

ಇನ್ನೊಂದು ಕಡೆಯ ಕೂದಲಿಗೆ ರಬ್ಬರ್ ಬ್ಯಾಂಡ್ ಸುತ್ತಿ, ಅಕ್ಕ ಬಾಚಣಿಗೆಯನ್ನು ಕಿಟಕಿಯ ಕಟ್ಟೆ ಮೇಲೆ ಕುಕ್ಕುತ್ತಾಳೆ. ಶಾಲೆಗೆ ರಜೆ, ಮಗಳೂ ಜೊತೆಗೆ ಹೊರಡುತ್ತಾಳೆ. ದಾರಿಯುದ್ದಕ್ಕೂ ಅಮ್ಮನ ಮುಖ ನೋಡುತ್ತಾಳೆ, ಏನೋ ಕೇಳಬೇಕೆಂದು ಬಾಯಿ ತೆರೆದು ಸುಮ್ಮನಾಗುತ್ತಾಳೆ.

ದೊಡ್ಡ ಮನೆಗಳ ಅಂಗಳದಲ್ಲಿ ಹುಲ್ಲುಹಾಸು ಹಳದಿಗಟ್ಟಿದಾಗ ಅಕ್ಕನಿಗೆ ಕರೆ ಬರುತ್ತದೆ. ಹಿಂದಿನ ಸಂಜೆಯೇ ನೆಲ ನೆನೆಸುತ್ತಾಳೆ. ಬೆಳಗ್ಗೆ ಸಲಿಕೆಯಿಂದ ಹುಲ್ಲನ್ನು ಪಟ್ಟಿಪಟ್ಟಿಯಾಗಿ ಸೀಳಿ ಚಾಪೆಯಂತೆ ಸುತ್ತಿಡುತ್ತಾಳೆ. ಆಮೇಲೆ ಕುಕ್ಕರಗಾಲಲ್ಲಿ ಕೂತು, ಮಣ್ಣೊಳಗಿನ ಬಿಳಿ ಬೇರುಗಳನ್ನು ಬೆರಳಿನಿಂದ ಎಳೆಯುತ್ತಾಳೆ. "ಕೊಚ್ಚಿದ್ರೆ ಕೆಲಸ ಕೆಟ್ಟಂಗೆ. ಒಂದು ಬೇರು ಹತ್ತು ತುಂಡಾಗುತ್ತೆ, ಹತ್ತೂ ಚಿಗುರುತ್ತೆ. ಹೊಸ ಹುಲ್ಲನ್ನ ತಿಂದು ಹಾಕುತ್ತೆ," ಅನ್ನುತ್ತಾಳೆ.

ಅಕ್ಕತಂಗಿ ಇಬ್ಬರೂ ಒಟ್ಟಿಗೇ ಈ ಕೆಲಸಕ್ಕೆ ಇಳಿದವರು. ತಂಗಿ ಮಾತುಗಾತಿ, ನರ್ಸರಿಯವನು ಅವಳನ್ನು ಹೊಸ ಹುಲ್ಲು ಹಾಸಲು ಕರೆದುಕೊಂಡ. ಈಗ ಹಸಿರು ಹಬ್ಬಿದ ಅಂಗಳದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುವವಳು ಅವಳು. ಮನೆಯೊಡತಿ ಕುರ್ಚಿ ಹಾಕಿ ಚಹಾ ಕೊಡುವುದೂ ಅವಳಿಗೇ. ಅಷ್ಟು ಹೊತ್ತಿಗೆ ಅಕ್ಕ ಇನ್ಯಾರದೋ ಅಂಗಳದ ಮಣ್ಣಲ್ಲಿರುತ್ತಾಳೆ.

"ನನ್ನ ತಂಗಿ ಚೆನ್ನಾಗಿರ್ಲಿ," ಅನ್ನುತ್ತಾಳೆ ಅಕ್ಕ. ಉಗುರಿನ ಸಂದಿಯ ಮಣ್ಣು ಕೆರೆಯುತ್ತಾ, "ಆದ್ರೆ ಆ ಫೋಟೊ ನೋಡಿದ ದಿನ ಅನ್ನ ಗಂಟಲಲ್ಲಿ ಇಳಿಯಲ್ಲ. ನಾನು ಕಿತ್ತ ಅಂಗಳಕ್ಕೆ ಒಂದ್ಸಲನಾದ್ರೂ ನಾನೇ ಹುಲ್ಲು ಹಾಸ್ಬೇಕು. ಅಷ್ಟೇ ಆಸೆ."

ಇವತ್ತಿನ ಅಂಗಳದಲ್ಲಿ ಉಳಿದಿರುವುದು ಗೋಡೆ ಪಕ್ಕದ ಪಟ್ಟಿ ಮಾತ್ರ. ಬಿಸಿಲೇರುತ್ತದೆ. ಅಕ್ಕ ಗುದ್ದಲಿ ಎತ್ತಿಕೊಳ್ಳುತ್ತಾಳೆ. ಕೊಚ್ಚು ಅಂದವಳು ತಂಗಿಯೇ ತಾನೇ? ಕೊಚ್ಚುತ್ತಾಳೆ. ಮಳೆ ಬಿದ್ದಮೇಲೆ ಹೊಸ ಹಸಿರಿನ ನಡುವೆ ಹಳೆಯದು ತಲೆ ಎತ್ತಿದರೆ, ಬೈಗುಳ ತಿನ್ನುವವಳು ಹಾಸಿದವಳು. ಕಿತ್ತವಳನ್ನು ಯಾರು ನೆನೆಯುತ್ತಾರೆ? ಗುದ್ದಲಿ ಇನ್ನಷ್ಟು ಜೋರಾಗಿ ಬೀಳುತ್ತದೆ. ಮಗಳು ಕಣ್ಣು ಪಿಳಿಪಿಳಿ ಬಿಡುತ್ತಾ ನಿಂತಿದ್ದಾಳೆ.

ಗೋಡೆಯ ಮೂಲೆ ತಲುಪಿದಾಗ ಅಕ್ಕನ ಕೈ ನಿಲ್ಲುತ್ತದೆ. ಮಣ್ಣಿನ ತುಂಬ ಬೇರಿನ ಬಿಳಿ ಚೂರುಗಳು. ಗುದ್ದಲಿಯನ್ನು ಅತ್ತ ಎಸೆದು ಕುಕ್ಕರಗಾಲಲ್ಲಿ ಕೂರುತ್ತಾಳೆ. ಹಿಡಿಹಿಡಿ ಮಣ್ಣನ್ನು ಬೆರಳ ಸಂದಿಯಿಂದ ಉದುರಿಸುತ್ತಾ ಚೂರುಗಳನ್ನು ಆಯತೊಡಗುತ್ತಾಳೆ.

ಲಾರಿ ಬಂದು ಗೇಟಿನ ಬಳಿ ನಿಲ್ಲುತ್ತದೆ. ತಂಗಿ ಜಿಗಿದು ಇಳಿಯುತ್ತಾಳೆ. "ಏನಕ್ಕಾ, ಮೂಗುತಿ ಬಿತ್ತಾ? ಲಾರಿಯವನು ಗೊಣಗ್ತಿದ್ದಾನೆ, ಬಿಡು ಸಾಕು."

"ಕಾಯ್ಲಿ," ಅನ್ನುತ್ತಾಳೆ ಅಕ್ಕ, ತಲೆ ಎತ್ತದೆ. "ನಿನ್ನ ಹುಲ್ಲು ನೆಟ್ಟಗೆ ಬರ್ಬೇಕೋ ಬೇಡ್ವೋ?"

ತಂಗಿ ನಗುತ್ತಾ ಚೂಡಿದಾರದ ತೋಳು ಮಡಚಿ ಪಕ್ಕದಲ್ಲೇ ಕೂತು ತಾನೂ ಆಯತೊಡಗುತ್ತಾಳೆ. ಅವರಿಬ್ಬರ ನಡುವೆ ಮಗಳೂ ಬಂದು ಕೂರುತ್ತಾಳೆ. ಒಂದು ಚೂರನ್ನು ಅಂಗೈಯಲ್ಲಿಟ್ಟು ನೋಡಿ, ಬೆಳಗ್ಗೆಯಿಂದ ತಡೆದಿದ್ದನ್ನು ಕೇಳಿಯೇ ಬಿಡುತ್ತಾಳೆ.

"ಅಮ್ಮಾ, ನಿಂಗೆ ಚಿಕ್ಕಮ್ಮನ್ನ ಕಂಡ್ರೆ ಹೊಟ್ಟೆಕಿಚ್ಚಾ?"