ಕಾಲೇಜಿಲ್ಲದ ಹದಿನಾಲ್ಕು ಪರೀಕ್ಷೆಗಳು

ಹಾಲಿನ ಡಬ್ಬಿ ತೆರೆದುಕೊಡುವುದು ನನ್ನ ಕೆಲಸವಾಗಿತ್ತು. ಅಮೆರಿಕದ ಹಿಲ್ಸ್‌ಬರೋದ ಒಂದು ಎಲಿಮೆಂಟರಿ ಶಾಲೆಯ ಕೆಫೆಟೇರಿಯಾದಲ್ಲಿ, ಹನ್ನೊಂದರಿಂದ ಒಂದೂವರೆಯವರೆಗೆ, ಮಕ್ಕಳು ಕೈಯೆತ್ತುತ್ತಿದ್ದರು. ನಾನು ಹೋಗಿ ಕಾಗದದ ಡಬ್ಬಿಯ ಅಂಟಿಕೊಂಡ ಬಾಯಿ ಬಿಡಿಸಿ, ಸ್ಟ್ರಾ ಚುಚ್ಚಿ, ಮುಂದಿನ ಕೈಯ ಕಡೆ ನಡೆಯುತ್ತಿದ್ದೆ. ಕೊರಳಿನ ಬಿಲ್ಲೆಯ ಮೇಲೆ ‘ಲಂಚ್ ಏಡ್’ ಎಂದು ಬರೆದಿತ್ತು. ಮ್ಯಾನ್‌ಹಟನ್ನಿನ ಬ್ಯಾಂಕೊಂದರಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದ ನನ್ನ ಗಂಡ ಕೆಲಸ ಹೋಗಿ ಮನೆಗೆ ಬಂದು ಕೂತಿದ್ದ ಚಳಿಗಾಲ ಅದು. ಆ ವರ್ಷ ನಮ್ಮ ಬೀದಿಯಲ್ಲಿ ಹಾಡಹಗಲೇ ಎಲ್ಲರ ಕಾರುಗಳೂ ಮನೆಮುಂದಿನ ಡ್ರೈವ್‌ವೇಯಲ್ಲಿ ನಿಂತಿರುತ್ತಿದ್ದವು. ಯಾರೂ ಯಾರನ್ನೂ ಯಾಕೆಂದು ಕೇಳುತ್ತಿರಲಿಲ್ಲ.

ಒಂದು ದಿನ ಮೂರನೇ ತರಗತಿಯ ಟೀಚರಿಗೆ ಹುಷಾರಿರಲಿಲ್ಲ. ಬದಲಿಗೆ ಬರಬೇಕಾದವರೂ ಬರಲಿಲ್ಲ. ಅರ್ಧ ಗಂಟೆ ನೋಡಿಕೊಳ್ಳಿ ಎಂದು ಮಕ್ಕಳನ್ನು ಕೆಫೆಟೇರಿಯಾದಲ್ಲಿ ನನ್ನ ಬಳಿ ಬಿಟ್ಟರು. ನಾನು ಒಂದು ಕಿತ್ತಳೆ ಬಿಡಿಸಿ ಭಿನ್ನರಾಶಿ ಹೇಳಿಕೊಟ್ಟೆ. ಅಥವಾ ಪಿಜ್ಜಾ ಇರಬೇಕು. ಆ ದಿನ ಶುಕ್ರವಾರವಾಗಿದ್ದರೆ ಪಿಜ್ಜಾವೇ. ಕಿತ್ತಳೆ ಎಂದು ಬರೆದರೆ ಚಂದ ಕಾಣುತ್ತದೆ, ಅದಕ್ಕೇ ನನಗೆ ಅನುಮಾನ. ಪ್ರಿನ್ಸಿಪಾಲರು ಬಾಗಿಲಲ್ಲಿ ನಿಂತು ನೋಡಿದ್ದು ಮಾತ್ರ ಖಂಡಿತ. ಏಕೆಂದರೆ ಅದಾದ ಮೇಲೆ ಅವರೇ ನನ್ನನ್ನು ಕರೆದು, ಬದಲಿ ಶಿಕ್ಷಕರ ಪಟ್ಟಿಗೆ ನೀವು ಯಾಕೆ ಅರ್ಜಿ ಹಾಕಬಾರದು, ಅರವತ್ತು ಕಾಲೇಜು ಕ್ರೆಡಿಟ್, ಅಂದರೆ ಎರಡು ವರ್ಷದ ಓದು, ಇದ್ದರೆ ಸಾಕು, ಎಂದರು.

ನನ್ನ ಹತ್ತಿರ ಧಾರವಾಡದ ಪಿಯುಸಿ ಇತ್ತು. ಅದರ ಮೇಲೆ ನಾಲ್ಕು ತಿಂಗಳ ಬಿ.ಎಸ್ಸಿ. ಇತ್ತು, ಮದುವೆಯ ಮುಹೂರ್ತಕ್ಕೆ ನಿಂತುಹೋದದ್ದು. ಅಮೆರಿಕದ ಲೆಕ್ಕದಲ್ಲಿ ಅದು ಸೊನ್ನೆ.

“ಇಲ್ಲ, ಆದರೆ ಆಗುತ್ತವೆ” ಎಂದೆ. ಹೇಗೆ ಎಂದು ಗೊತ್ತಿರಲಿಲ್ಲ. ಆ ಕಟ್ಟಡದಲ್ಲಿ ನಾನು ನಿಲ್ಲಬೇಕಾದದ್ದು ತರಗತಿಯ ಒಳಗೆ ಎಂಬುದು ಗೊತ್ತಿತ್ತು. ಅದಕ್ಕೆ ಮೂವತ್ತೆಂಟನೇ ವಯಸ್ಸು ತಡವೆಂದು ನನಗೆ ಒಂದು ಗಳಿಗೆಯೂ ಅನ್ನಿಸಲಿಲ್ಲ.

ಹೇಗೆ ಎಂಬುದನ್ನು ಹೇಳಿದವಳು ನನ್ನ ಗೆಳತಿ. ಮಂಗಳೂರಿನ ಕ್ಯಾಥೊಲಿಕ್ ಹೆಂಗಸು, ನರ್ಸು, ಎರಡು ಬೀದಿ ಆಚೆ ಮನೆ.

“ಕ್ಲಾಸಿಗೆ ಹೋಗದೆ ಸಹ ಕ್ರೆಡಿಟ್ ಸಿಗ್ತದೆ ಮಾರಾಯ್ತಿ. ಪರೀಕ್ಷೆ ಉಂಟು. ಕಂಪ್ಯೂಟರಿನ ಎದುರು ಒಂದೂವರೆ ಗಂಟೆ ಕೂತು ಟಿಕ್ ಟಿಕ್ ಅಂತ ಒತ್ತುದು, ಮುಗೀತು. ನಾನು ಸೈಕಾಲಜಿ, ಸೋಶಿಯಾಲಜಿ ಎರಡೂ ಹಾಗೇ ತೆಗ್ದದ್ದು.”

“ಫೇಲಾದ್ರ?”

“ಯಾರಿಗೆ ಗೊತ್ತಾಗ್ತದೆ? ಗಂಡನಿಗೆ ಹೇಳ್ಬೇಡ, ಅಷ್ಟೇ.”

ಹೇಳಿದೆ. ಹೇಳದೆ ಇರಲು ಜಾಗವಿರಲಿಲ್ಲ. ಅವರು ಊಟದ ಮೇಜನ್ನೇ ಆಫೀಸು ಮಾಡಿಕೊಂಡಿದ್ದರು. ಬೆಳಿಗ್ಗೆ ತಮ್ಮ ಕೆಲಸಕ್ಕೆ ಅರ್ಜಿ ಕಳಿಸುತ್ತಿದ್ದರು, ಮಧ್ಯಾಹ್ನಕ್ಕೆ ಮಾಡಲು ಏನೂ ಇರುತ್ತಿರಲಿಲ್ಲ. ಆ ಮಧ್ಯಾಹ್ನಗಳಿಗೆ ಈಗ ಒಂದು ಪ್ರಾಜೆಕ್ಟ್ ಸಿಕ್ಕಿತು, ಅದು ನಾನು. ಎರಡೇ ದಿನದಲ್ಲಿ ಹದಿನಾಲ್ಕು ಪರೀಕ್ಷೆಗಳ ಪಟ್ಟಿ ತಯಾರಾಯಿತು. ಒಂದೊಂದರ ಮುಂದೆ ಮೂರೋ ಆರೋ ಕ್ರೆಡಿಟ್, ಕೆಳಗೆ ದಪ್ಪ ಅಕ್ಷರದಲ್ಲಿ ಅರವತ್ತು.

ಹೈಸ್ಕೂಲಿನ ಮೊದಲ ವರ್ಷದಲ್ಲಿದ್ದ ಮಗಳು ಸೀರಿಯಲ್ ತಿನ್ನುತ್ತಾ ಪಟ್ಟಿ ನೋಡಿದಳು.

“ಅಮ್ಮಾ, ಶುಡಂಟ್ ಯು ಆಸ್ಕ್ ದ ಕಾಲೇಜ್ ಫಸ್ಟ್?”

“ಯಾವ ಕಾಲೇಜ?” ಎಂದರು ಅವರು.

“ಎಗ್ಸಾಕ್ಟ್‌ಲಿ.”

“ಮದ್ಲ ಮಾರ್ಕ್ಸ್ ಬರ್ಲಿ. ಆಮ್ಯಾಲೆ ಕಾಲೇಜ್ ನೋಡೂಣು. ಮಾರ್ಕ್ಸ್ ಕೈಯಾಗ ಇಲ್ಲದ ಯಾವ ಕಾಲೇಜಿನ ಬಾಗಲಿಗೆ ಹೋಗಿ ನಿಂದ್ರತೀರಿ?”

“ಹೌದಲ್ಲ ಮತ್ತ” ಎಂದೆ ನಾನೂ.

ಈಗ ಅವರನ್ನು ದೂರುವುದು ಸುಲಭ. ಆದರೆ ಆ ಮಾತು ನನಗೆ ಗಾಳಿ ನೀರಿನಷ್ಟು ಸಹಜವಾಗಿ ಕೇಳಿಸಿತ್ತು. ನಾವು ಕಂಡ ಕ್ರಮವೇ ಅದು. ರಿಸಲ್ಟ್ ಬರಬೇಕು, ಮಾರ್ಕ್ಸ್ ಕಾರ್ಡ್ ಬರಬೇಕು, ಅದರ ಜೆರಾಕ್ಸ್ ಪ್ರತಿಗಳಿಗೆ ಗೆಜೆಟೆಡ್ ಅಧಿಕಾರಿಯ ಸಹಿಯಾಗಬೇಕು. ಆಮೇಲೆ ಅಪ್ಪನ ಸ್ಕೂಟರಿನ ಹಿಂದೆ ಕೂತು ಕಾಲೇಜಿನಿಂದ ಕಾಲೇಜಿಗೆ. ಅಂಕ ಅನ್ನುವುದು ಎಲ್ಲ ಕೌಂಟರುಗಳಲ್ಲೂ ನಡೆಯುವ ನಾಣ್ಯ. ಒಂದೇ ಅಂಕಪಟ್ಟಿಯನ್ನು ಒಂದು ಕಾಲೇಜು ಒಂದು ರೀತಿ, ಇನ್ನೊಂದು ಕಾಲೇಜು ಇನ್ನೊಂದು ರೀತಿ ಎಣಿಸಬಹುದು ಎಂಬ ಕಲ್ಪನೆಯೇ ನಮ್ಮ ಇಬ್ಬರ ತಲೆಯಲ್ಲೂ ಇರಲಿಲ್ಲ.

ಪ್ರತಿ ಪರೀಕ್ಷೆಯ ಕಂಪ್ಯೂಟರ್ ಪರದೆಯೂ ಒಂದು ಪ್ರಶ್ನೆ ಕೇಳುತ್ತಿತ್ತು: ಈ ಅಂಕವನ್ನು ಯಾವ ಕಾಲೇಜಿಗೆ ಕಳಿಸಬೇಕು? ಹದಿನಾಲ್ಕು ಸಲವೂ ಆ ಜಾಗವನ್ನು ಖಾಲಿ ಬಿಟ್ಟು ಮುಂದೆ ಹೋದೆ. ಯಂತ್ರ ಮಗಳ ಪ್ರಶ್ನೆಯನ್ನೇ ಕೇಳುತ್ತಿದೆ ಎಂದು ಹೊಳೆಯಲಿಲ್ಲ.

ಪರೀಕ್ಷೆಗಳ ಬಗ್ಗೆ ಹೆಚ್ಚು ಬರೆಯಲಾರೆ. ಹದಿನಾಲ್ಕೂ ಸೇರಿ ನನ್ನೊಳಗೆ ಒಂದೇ ಪರೀಕ್ಷೆಯಾಗಿವೆ. ನೆನಪಿನಲ್ಲಿ ಪರೀಕ್ಷೆಯ ಕೋಣೆಗೊಂದು ದೊಡ್ಡ ಕಿಟಕಿಯಿದೆ, ಹೊರಗೆ ಹಿಮ ಬೀಳುತ್ತಿದೆ. ಬೇಸಿಗೆ ರಜೆಯಲ್ಲಿ ನನ್ನ ಜೊತೆ ಬಂದು ಹೊರಗೆ ಕಾಯುತ್ತಿದ್ದ ಮಗಳು, ಅದು ನೆಲಮಾಳಿಗೆ, ಕಿಟಕಿಯೇ ಇರಲಿಲ್ಲ, ಎನ್ನುತ್ತಾಳೆ. ಅವಳದ್ದೇ ನಿಜವಿರಬೇಕು. ನಾನು ಕಿಟಕಿಯನ್ನು ನೆನಪಿನಿಂದ ಅಳಿಸುವುದಿಲ್ಲ, ನಂಬುವುದೂ ಇಲ್ಲ.

ಖಚಿತವಾಗಿ ಹೇಳಬಲ್ಲದ್ದು ಇಷ್ಟು. ಗಣಿತ ನನಗೆ ಬರುತ್ತಿತ್ತು, ಹಾಗಾಗಿ ಗಣಿತದಿಂದ ಶುರುಮಾಡಿದೆವು. ಪಟ್ಟಿಯಲ್ಲಿ ಕಾಲೇಜು ಗಣಿತ ಅಂತ ಒಂದಿತ್ತು, ಬೀಜಗಣಿತ ಅಂತ ಒಂದಿತ್ತು, ಕ್ಯಾಲ್ಕುಲಸ್‌ಗೆ ಮುಂಚಿನ ಗಣಿತ ಅಂತ ಇನ್ನೊಂದಿತ್ತು. ಮೂರನ್ನೂ ಬರೆದೆ. ಮೂರರಲ್ಲೂ ಧಾರವಾಡದ ಪಿಯುಸಿ ನೋಟ್‌ಬುಕ್ಕನ್ನೇ ಮತ್ತೆ ಮತ್ತೆ ಬರೆದ ಹಾಗಾಯಿತು. ಮೂರನೆಯದು ಮುಗಿಸಿ ಬಂದಾಗ ಅವರು, “ಇದ ಚಲೋ ನೋಡು, ಒಂದ ಸಲ ಓದಿ ಮೂರ ಸಲ ಪಾಸ್ ಆಗೋದು” ಎಂದರು. ನಮಗಿಬ್ಬರಿಗೂ ಬಹಳ ಹೆಮ್ಮೆಯಾಗಿತ್ತು. ಜೀವಶಾಸ್ತ್ರ, ರಸಾಯನಶಾಸ್ತ್ರ ಬರೆದೆ. ಸಾಲದ್ದಕ್ಕೆ ಎರಡನ್ನೂ ಕಲಸಿದಂತಿದ್ದ ಸಾಮಾನ್ಯ ವಿಜ್ಞಾನವನ್ನೂ ಬರೆದೆ.

ಅಮೆರಿಕದ ಇತಿಹಾಸ ಮಾತ್ರ ನಿಜವಾದ ಓದು. ಮಗಳ ವಯಲಿನ್ ಕ್ಲಾಸಿನ ಹೊರಗೆ ಕಾರಿನಲ್ಲಿ ಕೂತು ಓದುತ್ತಿದ್ದೆ. ವಾಪಸು ಬರುವಾಗ ಅವಳು ಹಿಂದಿನ ಸೀಟಿನಿಂದ ಪ್ರಶ್ನೆ ಎಸೆಯುತ್ತಿದ್ದಳು.

“ವಾಟ್ ಕಾಸ್ಡ್ ದ ಗ್ರೇಟ್ ಡಿಪ್ರೆಶನ್?”

“ಬ್ಯಾಂಕು” ಎಂದೆ.

“ಅಮ್ಮಾ, ಯು ಕಾಂಟ್ ಜಸ್ಟ್ ಸೇ ಬ್ಯಾಂಕು.”

“ನಿಮ್ಮಪ್ಪನ್ನ ಕೇಳು, ಅಷ್ಟ ಸಾಕು ಅಂತಾರ.”

ಒಂದು ವರ್ಷದ ಮೇಲೆ ಒಂದಿಷ್ಟು ತಿಂಗಳು ಹಿಡಿಯಿತು. ಹದಿನಾಲ್ಕರಲ್ಲಿ ಒಂದನ್ನು ಎರಡು ಸಲ ಬರೆದೆ. ಯಾವುದೆಂದು ಇಲ್ಲಿ ಹೇಳುವುದಿಲ್ಲ. ಕೊನೆಯ ಫಲಿತಾಂಶ ಬಂದ ವಾರ ಅವರು ಹದಿನಾಲ್ಕೂ ಅಂಕಪಟ್ಟಿಗಳನ್ನು ಕಾಪಿ ಅಂಗಡಿಗೆ ಒಯ್ದು ಲ್ಯಾಮಿನೇಟ್ ಮಾಡಿಸಿಕೊಂಡು ಬಂದರು. ಮಾರ್ಕ್ಸ್ ಕಾರ್ಡ್ ಲ್ಯಾಮಿನೇಟ್ ಆದರೇ ಅದಕ್ಕೊಂದು ಗೌರವ, ನೀರು ಬಿದ್ದರೂ ಭಯವಿಲ್ಲ. ಅಂಚು ಚೂಪಾಗಿದ್ದ ಆ ಹಾಳೆಗಳನ್ನು ಫೈಲಿನಲ್ಲಿಟ್ಟುಕೊಂಡು, ಒಗೆದು ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು, ಊಟದ ಪಾಳಿಗೆ ಮುಂಚೆ ಶಾಲೆಯ ಆಫೀಸಿಗೆ ಹೋದೆ.

ಅಲ್ಲಿನ ಸೆಕ್ರೆಟರಿ ಒಳ್ಳೆಯ ಹೆಂಗಸು. ಹಾಳೆಗಳನ್ನು ಒಂದೊಂದಾಗಿ ನೋಡಿದರು, ಒಂದನ್ನು ಬೆರಳಿಂದ ತಟ್ಟಿದರು. ಪ್ಲಾಸ್ಟಿಕ್ ಸದ್ದಾಯಿತು. ತುಂಬಾ ಪರೀಕ್ಷೆ ಪಾಸಾಗಿದ್ದೀರಿ, ಅಭಿನಂದನೆ, ಎಂದರು. ಇವು ಅಂಕಗಳು. ನನಗೆ ಬೇಕಾದದ್ದು ಕ್ರೆಡಿಟ್. ಅಂಕವನ್ನು ಕ್ರೆಡಿಟ್ ಮಾಡುವುದು ಕಾಲೇಜು. ನಿಮ್ಮ ಕಾಲೇಜು ಯಾವುದು, ಎಂದು ಕೇಳಿದರು.

ಹಾಳೆಗಳನ್ನು ಮತ್ತೆ ಫೈಲಿಗೆ ಸೇರಿಸಿಕೊಂಡು ಕೆಫೆಟೇರಿಯಾಕ್ಕೆ ನಡೆದೆ. ಆ ದಿನ ಹಾಲಿನ ಡಬ್ಬಿಗಳನ್ನು ಮಾಮೂಲಿಗಿಂತ ಬೇಗ ಬೇಗ ತೆರೆದೆ.

ಸಂಜೆ ಗೆಳತಿ ಬಂದಳು. ಕತೆ ಕೇಳಿ ಸೋಫಾದ ಮೇಲೆ ಕುಸಿದು ನಕ್ಕಳು.

“ಕಾಲೇಜು ಯಾವುದು ಅಂತ ಕೇಳದೆ ಹದಿನಾಲ್ಕು ಬರ್ದದ್ದಾ? ನಾನು ಬರ್ಯುವಾಗ ನರ್ಸಿಂಗ್ ಕಾಲೇಜಿಗೆ ಆಗ್ಲೇ ಸೇರಿ ಆಗಿತ್ತು ಮಾರಾಯ್ತಿ. ಅವ್ರೇ ಹೇಳಿದ್ದು, ಇದು ಬರಿ, ಇದು ಬರೀಬೇಡ ಅಂತ.”

“ನೀ ಹೇಳ್ಲೇ ಇಲ್ಲಲ್ಲ?”

“ನೀನು ಕೇಳಿದ್ದೇ ಇಲ್ಲ. ನೀವು ಧಾರವಾಡದವರು ಗಣಿತ ಮೂರು ಸಲ ಬರ್ದು ಪೇಡಾ ಹಂಚುವವರು.”

ನನ್ನ ಗಂಡ ಮೇಜಿನ ಬಳಿಯಿಂದಲೇ, “ಪೇಡಾ ಹಂಚಿಲ್ಲ” ಎಂದರು. ಪಟ್ಟಿಯನ್ನು ಮುಚ್ಚಿಟ್ಟು, “ತಪ್ಪು ನಂದ” ಎಂದರು. ಇಪ್ಪತ್ತು ವರ್ಷದ ಸಂಸಾರದಲ್ಲಿ ಈ ಎರಡನೆಯ ಮಾತನ್ನು ನಾನು ಕೇಳಿದ್ದು ಅಪರೂಪ. ಹಾಗಾಗಿ ಇದು ನಿಜವಾಗಿ ಆಡಿದ ಮಾತೋ, ಆಡಿದ್ದರೆ ಚೆನ್ನಾಗಿತ್ತು ಎಂದು ನಾನೇ ಸೇರಿಸಿಕೊಂಡದ್ದೋ ಎಂದು ಆಗಾಗ ಪರೀಕ್ಷಿಸುತ್ತೇನೆ. ಗೆಳತಿಯೂ ಕೇಳಿದ್ದಾಳೆ. ಆಡಿದ್ದರು.

ಮುಂದಿನ ತಿಂಗಳು ಅಂಕಗಳನ್ನು ಮೂರು ಕಾಲೇಜುಗಳಿಗೆ ಕಳಿಸಿದೆವು. ಮೂರು ಉತ್ತರ ಬಂದವು. ಒಂದು ಕಾಲೇಜು, ಪರೀಕ್ಷೆಯಿಂದ ಬಂದ ಕ್ರೆಡಿಟ್ ಮೂವತ್ತಕ್ಕಿಂತ ಹೆಚ್ಚು ತೆಗೆದುಕೊಳ್ಳುವುದಿಲ್ಲ ಎಂದಿತು. ಇನ್ನೊಂದು ಐವತ್ತನಾಲ್ಕು ಕೊಡುತ್ತೇನೆ ಎಂದಿತು. ಮನೆಗೆ ಹತ್ತಿರವಿದ್ದ ಕೌಂಟಿ ಕಾಲೇಜು, ನಮ್ಮ ಕಡೆಯ ಜಿಲ್ಲಾ ಕಾಲೇಜಿನಂಥದ್ದು, ನಲವತ್ತೆಂಟು ಎಂದಿತು. ಅಲ್ಲಿನ ಸಲಹೆಗಾರ್ತಿ ಪೆನ್ಸಿಲ್ ಹಿಡಿದು ನನ್ನೆದುರಿಗೇ ಗೆರೆ ಎಳೆದಳು. ಕಾಲೇಜು ಗಣಿತ ಹೋಯಿತು, ಉಳಿದೆರಡು ಗಣಿತದ ಒಳಗೇ ಅದು ಇದೆಯಂತೆ. ಸಾಮಾನ್ಯ ವಿಜ್ಞಾನ ಹೋಯಿತು, ಅದೇ ಕಾರಣಕ್ಕೆ. ಉಳಿದ ಹನ್ನೆರಡಕ್ಕೆ ನಾಲ್ಕು ಕೋರ್ಸು ತರಗತಿಯಲ್ಲಿ ಕೂತು ಮಾಡಬೇಕು, ಅದರಲ್ಲೊಂದು ಭಾಷಣ, ಎಂದಳು. ಭಾಷಣಕ್ಕೆ ಅಲ್ಲಿ ಪರೀಕ್ಷೆಯ ದಾರಿ ಇರಲಿಲ್ಲ.

“ಐವತ್ನಾಲ್ಕ ಇರುವಾಗ ನಲ್ವತ್ತೆಂಟ ಯಾಕ?” ಎಂದರು ಇವರು. ಪಟ್ಟಿ ಮತ್ತೆ ತೆರೆದಿತ್ತು.

ನಾನು ನಲವತ್ತೆಂಟನ್ನೇ ಆರಿಸಿದೆ. ಎಂದೋ ಅರ್ಧಕ್ಕೆ ಬಿಟ್ಟ ತರಗತಿಯ ಬೆಂಚು ನನ್ನನ್ನು ಕರೆಯಿತು ಎಂದು ಬರೆದರೆ ಈ ಪುಟ ತಾನಾಗಿ ಮುಗಿದುಹೋಗುತ್ತದೆ. ಸಂಗತಿ ಅದಲ್ಲ. ಐವತ್ತನಾಲ್ಕು ಕೊಡುವ ಕಾಲೇಜಿಗೆ ಹೈವೇ ಹತ್ತಿ ಡ್ರೈವ್ ಮಾಡಬೇಕಿತ್ತು, ನನಗೆ ಹೈವೇಯಲ್ಲಿ ಟ್ರಕ್ಕುಗಳ ನಡುವೆ ಸೇರಿಕೊಳ್ಳಲು ಬರುತ್ತಿರಲಿಲ್ಲ. ಕೌಂಟಿ ಕಾಲೇಜಿಗೆ ಒಳದಾರಿಯಿತ್ತು. ಕಾರಣ ಸಣ್ಣದೇ, ಆದರೆ ನನ್ನದು. ಕಾಲೇಜನ್ನು ಆರಿಸಿದ್ದು ಈ ಸಲ ನಾನು, ಪಟ್ಟಿಯಲ್ಲ.

ಬೇಸಿಗೆಯಲ್ಲಿ ಎರಡು ಕೋರ್ಸು ಮುಗಿಸಿದೆ, ಎಲೆ ಉದುರುವ ಫಾಲ್‌ನಲ್ಲಿ ಎರಡು. ಭಾಷಣದ ತರಗತಿ ಶನಿವಾರ ಬೆಳಿಗ್ಗೆ. ಹತ್ತೊಂಬತ್ತು, ಇಪ್ಪತ್ತರ ಹುಡುಗ ಹುಡುಗಿಯರು ಕಾಫಿ ಲೋಟ ಹಿಡಿದು, ಕಣ್ಣು ಅರ್ಧ ಮುಚ್ಚಿ ಕೂತಿರುತ್ತಿದ್ದರು. ಒಂದು ಕೆಲಸ ಮಾಡುವುದು ಹೇಗೆಂದು ಐದು ನಿಮಿಷ ವಿವರಿಸಬೇಕಿತ್ತು. ಒಬ್ಬ ಟೈರ್ ಬದಲಿಸುವುದನ್ನು ಹೇಳಿದ, ಒಬ್ಬಳು ಹುಬ್ಬು ತಿದ್ದುವುದನ್ನು. ನಾನು ಎಂಬತ್ತು ಮಕ್ಕಳನ್ನು ಕೂಗದೆ ಸುಮ್ಮನಾಗಿಸುವುದು ಹೇಗೆಂದು ಹೇಳಿದೆ: ಹತ್ತಿರದ ಒಂದು ಮೇಜಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಮಾತಾಡಬೇಕು, ಏನು ಹೇಳಿದರು ಎಂದು ಉಳಿದ ಮೇಜುಗಳು ತಾವಾಗಿ ಸುಮ್ಮನಾಗುತ್ತವೆ. ಹೇಳುತ್ತಾ ಹೇಳುತ್ತಾ ನನ್ನ ದನಿಯನ್ನು ಇಳಿಸುತ್ತಾ ಬಂದೆ. ಹಿಂದಿನ ಸಾಲಿನವರು ಮುಂದಕ್ಕೆ ಬಾಗಿದರು. ಪ್ರೊಫೆಸರರೂ ಬಾಗಿದರು. ನನ್ನ ಉಚ್ಚಾರದ ಬಗ್ಗೆ ಎರಡು ವಾರ ಹೆದರಿದ್ದೆ. ಉಚ್ಚಾರ ಯಾರ ಗಮನಕ್ಕೂ ಬಂದಂತೆ ಕಾಣಲಿಲ್ಲ.

ಬದಲಿ ಶಿಕ್ಷಕಿಯ ಸರ್ಟಿಫಿಕೇಟ್ ಚಳಿಗಾಲದಲ್ಲಿ ಬಂತು. ಅಷ್ಟರಲ್ಲಿ ಗಂಡನಿಗೆ ಜೆರ್ಸಿ ಸಿಟಿಯಲ್ಲಿ ಕೆಲಸ ಸಿಕ್ಕಿ, ಊಟದ ಮೇಜು ಮತ್ತೆ ಊಟದ ಮೇಜಾಗಿತ್ತು. ಸರ್ಟಿಫಿಕೇಟನ್ನು ಕವರಿನಿಂದ ತೆಗೆದು ಅವರು ಎರಡೂ ಬದಿ ನೋಡಿದರು. ಮಗಳು, “ಡೋಂಟ್ ಲ್ಯಾಮಿನೇಟ್ ಇಟ್” ಎಂದಳು.

ಬದಲಿ ಶಿಕ್ಷಕರನ್ನು ಕರೆಯುವುದು ಒಂದು ಯಂತ್ರ. ಫೆಬ್ರುವರಿಯ ಒಂದು ಬೆಳಿಗ್ಗೆ ಆರಕ್ಕೆ ಮುಂಚೆ ಫೋನು ಬಂತು. ನಾಲ್ಕನೇ ತರಗತಿ, ಇಡೀ ದಿನ, ಒಪ್ಪಿಗೆಯಾದರೆ ಒಂದನ್ನು ಒತ್ತಿ, ಎಂದು ಹೆಣ್ಣು ದನಿಯೊಂದು ಹೇಳಿತು. ವಾಕ್ಯ ಮುಗಿಯುವ ಮೊದಲೇ ಒತ್ತಿದೆ.

ತರಗತಿಯ ಟೀಚರು ಮೇಜಿನ ಮೇಲೆ ಆ ದಿನದ ಪಾಠಗಳನ್ನು ಬರೆದಿಟ್ಟಿದ್ದರು. ಹಾಜರಿ ತೆಗೆದುಕೊಂಡೆ. ಕೆಳಗೆ ಶಿಕ್ಷಕರ ಸಹಿ ಎಂದಿದ್ದಲ್ಲಿ ಸಹಿ ಮಾಡಿ, ಹಾಳೆಯನ್ನು ಒಬ್ಬ ಹುಡುಗಿಯ ಕೈಯಲ್ಲಿ ಆಫೀಸಿಗೆ ಕಳಿಸಿದೆ. ಅವಳು ಬಂದು ಕೂರುವವರೆಗೆ ಕಾದು ಬಾಗಿಲು ಮುಚ್ಚಿದೆ. ಗಣಿತದ ಪುಸ್ತಕ, ಪುಟ ನಲವತ್ತೊಂದು ತೆಗೆಯಿರಿ, ಎಂದೆ. ತೆಗೆದರು.